ಉಷ್ಣವಲಯದ ಕಡಲಲ್ಲಿ ಸ್ಕೂಬಾ ಡೈವಿಂಗ್‌ಗೆ ಯಾವ ಕಾಲ ಒಳ್ಳೆಯದು?

ತಿಂಗಳು ಆರಿಸುವ ಮೊದಲು ನೀರೊಳಗೆ ಏನನ್ನು ನೋಡಬೇಕು ಎಂದು ತೀರ್ಮಾನಿಸಿ. ಉಷ್ಣವಲಯದಲ್ಲಿ ನೀರು ಬಹುಪಾಲು ವರ್ಷವಿಡೀ ಬೆಚ್ಚಗೇ ಇರುತ್ತದೆ. ಡೈವ್ ಕೆಡಿಸುವುದು ಗಾಳಿ ಮತ್ತು ಅಲೆ.

ಮಾಲ್ಡೀವ್ಸ್‌ನಲ್ಲಿ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಕಡಲು ಶಾಂತ, ನೀರು ತಿಳಿ. ಹೊಸಬರಿಗೆ ಇದೇ ಸರಿ. ನೈರುತ್ಯ ಮುಂಗಾರು ಬಂದಾಗ ಪ್ಲವಕಗಳು (ನೀರಲ್ಲಿ ತೇಲುವ ಸೂಕ್ಷ್ಮ ಜೀವಿಗಳು) ಹೆಚ್ಚಿ ನೀರು ಮಬ್ಬಾಗುತ್ತದೆ. ಆದರೆ ಅವನ್ನೇ ತಿನ್ನಲು ಮಾಂಟಾ ರೇ ಎಂಬ ದೊಡ್ಡ ಚಪ್ಪಟೆ ಮೀನುಗಳು ಹಿಂಡುಹಿಂಡಾಗಿ ಬರುತ್ತವೆ! ನನ್ನನ್ನು ಕೇಳಿದರೆ, ಅನುಭವ ಇದ್ದವರು ಈ ಮಬ್ಬು ಕಾಲವನ್ನೇ ಆರಿಸಬೇಕು. (ಮಾಂಟಾಗಳಿಗೆ ಹೆಸರಾದ ಹನಿಫಾರು ಕೊಲ್ಲಿಯಲ್ಲಿ ಮಾತ್ರ ಸ್ಕೂಬಾಗೆ ಅನುಮತಿಯಿಲ್ಲ, ಸ್ನಾರ್ಕೆಲಿಂಗ್, ಅಂದರೆ ಉಸಿರುಕೊಳವೆ ಕಚ್ಚಿ ನೀರಿನ ಮೇಲ್ಮೈಯಲ್ಲಿ ಈಜುವುದು, ಅಷ್ಟೇ.)

ಒಂದೇ ದೇಶದಲ್ಲೂ ಕಾಲ ಬೇರೆಬೇರೆ. ಥಾಯ್ಲೆಂಡ್‌ನ ಸಿಮಿಲಾನ್ ದ್ವೀಪಗಳು ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿರುತ್ತವೆ. ಅದೇ ಹೊತ್ತಿಗೆ ಪೂರ್ವದ ಕೊಲ್ಲಿಯಲ್ಲಿರುವ ಕೊ ಟಾವೊ ದ್ವೀಪದಲ್ಲಿ ಜುಲೈ, ಆಗಸ್ಟ್‌ನಲ್ಲೂ ಆರಾಮಾಗಿ ಇಳಿಯಬಹುದು.

ಕೆರಿಬಿಯನ್‌ಗೆ ಹೋಗುವುದಾದರೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಬೇಡ, ಚಂಡಮಾರುತಗಳ ಅಬ್ಬರ ಆಗಲೇ ಹೆಚ್ಚು. ಆದರೂ ಬೊನೇರ್, ಕುರಸಾವ್ ದ್ವೀಪಗಳು ಅವುಗಳ ಸಾಮಾನ್ಯ ಹಾದಿಯಿಂದ ದಕ್ಷಿಣಕ್ಕಿವೆ, ರಜೆ ಆಗಲೇ ಸಿಗುವುದಾದರೆ ಅಲ್ಲಿಗೆ ಹೋಗಿ.