ಫಸ್ಟ್ ಪೀಸ್ ಯಾರು ಅಳೆಯಬೇಕು?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಬಳಿ ಸಲಹೆಗೆ ಬಂದ ಒಬ್ಬರಿಗೆ 46 ವರ್ಷ. ಪೀಣ್ಯದಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷೀನ್‌ಗಳ) ವರ್ಕ್‌ಶಾಪ್ ಇದೆ, 11 ಜನ ಕೆಲಸಕ್ಕಿದ್ದಾರೆ. "ನಿದ್ದೆ ಬರಲ್ಲ ಮೇಡಂ" ಅಂತ ಬಂದಿದ್ದರು. ರಾತ್ರಿ ಪಾಳಿಯಲ್ಲಿ ಏನಾಗ್ತಿದೆಯೋ ಅಂತ ನಡುರಾತ್ರಿ ಎದ್ದು ಮೊಬೈಲಲ್ಲಿ ಸಿಸಿಟಿವಿ ನೋಡುತ್ತಾರೆ.

ಮಾತಾಡುತ್ತಾ ಹಳೇ ಸಂಗತಿ ಹೊರಗೆ ಬಂತು. ಅಪ್ಪನ ಕಾರ್ಯಕ್ಕೆ ಊರಿಗೆ ಹೋಗಿದ್ದಾಗ ಒಂದು ಲಾಟ್ ಪೂರ್ತಿ ರಿಜೆಕ್ಟ್ ಆಗಿತ್ತು. ಬೋರ್, ಅಂದರೆ ಪೀಸಿನೊಳಗೆ ಕೊರೆದ ರಂಧ್ರ, 20 ಮೈಕ್ರಾನ್ (ಮಿಲಿಮೀಟರಿನ ಐವತ್ತರಲ್ಲಿ ಒಂದು ಭಾಗ) ದೊಡ್ಡದು. ಸಣ್ಣದಾಗಿದ್ದರೆ ಇನ್ನೊಂದು ಕಟ್ ಹಾಕಬಹುದಿತ್ತು, ದೊಡ್ಡದಾದರೆ ಸ್ಕ್ರ್ಯಾಪೇ ಗತಿ. ಆಮೇಲಿಂದ ಪ್ರತಿ ಸೆಟ್ಟಿಂಗ್ (ಕೆಲಸಕ್ಕೆ ಮಷೀನ್ ಸಜ್ಜು ಮಾಡುವುದು) ಆದಮೇಲೂ ಮೊದಲ ಪೀಸನ್ನು ಅವರೇ ಬೋರ್ ಗೇಜ್ ಹಾಕಿ ನೋಡಬೇಕು. ಅವರು ಬ್ಯಾಂಕಿಗೆ ಹೋಗಿದ್ದರೆ ಮಷೀನ್ ಖಾಲಿ ನಿಂತಿರುತ್ತದೆ.

"ಹುಡುಗರಿಗೆ ಜವಾಬ್ದಾರಿ ಇಲ್ಲ" ಅಂದರು. ಒಂಬತ್ತು ವರ್ಷದಿಂದ ಜೊತೆಗಿರುವ ಸೆಟ್ಟರ್ ಬಗ್ಗೆಯೂ ಅದೇ ಮಾತು.

"ಅವರು ಅಳೆದ ಮೇಲೆ ನೀವು ಮತ್ತೆ ಅಳೀತೀರಾ?"

"ಹೂಂ."

"ಹಾಗಾದ್ರೆ ಅವರು ಯಾಕೆ ಸರಿಯಾಗಿ ಅಳೀಬೇಕು?"

ಸ್ವಲ್ಪ ಹೊತ್ತು ಸುಮ್ಮನಿದ್ದರು.

ಆತಂಕ ಹೀಗೇ ಬೆಳೆಯುವುದು. ಒಮ್ಮೆ ನೋಡಿದರೆ ಮನಸ್ಸಿಗೆ ಸಮಾಧಾನ. ಆ ಸಮಾಧಾನಕ್ಕಾಗಿಯೇ ಮತ್ತೆ ನೋಡುತ್ತೇವೆ. ಬರುಬರುತ್ತಾ ನೋಡದೆ ಇರೋಕೇ ಆಗಲ್ಲ. ಅತ್ತ ಕೆಲಸದವರು "ಹೇಗೂ ಸಾರ್ ನೋಡ್ತಾರಲ್ಲ" ಅಂತ ಸಡಿಲ ಬಿಡುತ್ತಾರೆ. ತಪ್ಪು ಜಾಸ್ತಿಯಾಗುತ್ತದೆ, ಮಾಲೀಕರಿಗೆ ತಮ್ಮ ಅನುಮಾನವೇ ನಿಜ ಅನ್ನಿಸುತ್ತದೆ.

ಎಲ್ಲವನ್ನೂ ಒಟ್ಟಿಗೆ ಬಿಡುವುದು ಆಗುವ ಮಾತಲ್ಲ. ಕೆಟ್ಟರೂ ನಷ್ಟ ತಡೆದುಕೊಳ್ಳಬಹುದಾದ ಒಂದು ಜಾಬ್ (ಒಂದು ಬಗೆಯ ಪೀಸ್ ಮಾಡುವ ಕೆಲಸ) ಆರಿಸಿಕೊಳ್ಳಿ ಅಂದೆ. ಅದರ ಫಸ್ಟ್ ಪೀಸ್ ಅಪ್ರೂವಲ್ ಸೆಟ್ಟರ್‌ಗೆ ಸೇರಿದ್ದು. ಅಳತೆ ಬರೆದು ಸಹಿ ಹಾಕುವುದು ಅವರೇ. ಅಳತೆ ತಪ್ಪಿದರೆ ನಿಮಗೆ ಫೋನ್ ಮಾಡದೆ ಮಷೀನ್ ನಿಲ್ಲಿಸುವ ಅಧಿಕಾರವನ್ನೂ ಕೊಡಿ. ಇದನ್ನು ಕೊಡದೆ ಬರೀ ಜವಾಬ್ದಾರಿ ಹೊರಿಸಿದರೆ ಅನ್ಯಾಯ ಅಲ್ವಾ? ನೀವು ಸಂಜೆ ಒಮ್ಮೆ ಶೀಟ್ ನೋಡಿ, ಪೀಸ್ ಮುಟ್ಟಬೇಡಿ. ಒಳಗೆ ಚಡಪಡಿಕೆ ಏರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಅಲ್ಲಿವರೆಗೆ ತಡೆದುಕೊಳ್ಳಿ. ತಪ್ಪಾದ ದಿನ ಮೊದಲು "ಏನಾಯ್ತು?" ಅಂತ ಕೇಳಿ, "ಯಾರು ಮಾಡಿದ್ದು?" ಬೇಡ. ರಾತ್ರಿ ಮೊಬೈಲ್ ಹಾಲ್‌ನಲ್ಲೇ ಇರಲಿ.

ಎರಡನೇ ವಾರವೇ ಆರು ಪೀಸ್ ಹಾಳಾದವು. ಇನ್ಸರ್ಟ್ (ಲೋಹ ಕತ್ತರಿಸುವ ಬಿಡಿ ಅಲಗು) ಸವೆದಿತ್ತು. ಸೆಟ್ಟರ್ ಮಷೀನ್ ನಿಲ್ಲಿಸಿ, ಇನ್ಸರ್ಟ್ ಬದಲಿಸಿ, ಆರನ್ನೂ ಪಕ್ಕಕ್ಕಿಟ್ಟು ಶೀಟ್‌ನಲ್ಲಿ ಬರೆದಿದ್ದರು. "ಮುಂಚೆ ಆಗಿದ್ರೆ ಮುಚ್ಚಿಡ್ತಿದ್ರು ಮೇಡಂ" ಅಂದರು ಮಾಲೀಕರು. ನನಗೆ ತುಂಬ ಖುಷಿಯಾಗಿದ್ದು ಈ ಮಾತಿಗೆ.

ಈಗ ಮೂರು ಜಾಬ್ ಸೆಟ್ಟರ್ ಕೈಯಲ್ಲಿವೆ. ಪೇಮೆಂಟ್, ಜಿಎಸ್‌ಟಿ ಇನ್ನೂ ಮಾಲೀಕರೇ ನೋಡುತ್ತಾರೆ. ಅದಕ್ಕೆ ಸದ್ಯಕ್ಕೆ ನಾವು ಕೈ ಹಾಕಿಲ್ಲ.