20 ವರ್ಷ ಸರ್ವೀಸ್ ಆದ ಮೇಲೆ ಅಪರಾಧಶಾಸ್ತ್ರ ಓದಬೇಕಾ?

ತೀರ್ಥಹಳ್ಳಿ ಕಡೆ ಎಎಸ್‌ಐ ಆಗಿದ್ದೀರಿ, 20 ವರ್ಷ ಸರ್ವೀಸ್ ಆದ ಮೇಲೆ ಅಪರಾಧಶಾಸ್ತ್ರ ಓದಿ ಏನು ಉಪಯೋಗ ಅಂತ ಕೇಳಿದ್ದೀರಿ. ಖಂಡಿತ ಓದಿ ಸರ್. ನಾನೂ ಠಾಣೆಯಲ್ಲಿದ್ದಾಗಲೇ ಓದಿದವನು.

ಅಡಿಕೆ ಕಳವನ್ನೇ ತಗೊಳ್ಳಿ. ಮೊದಲೆಲ್ಲ ಹಳೇ ಕಳ್ಳರ ಪಟ್ಟಿ ಹಿಡಿದು ಹೊರಡುತ್ತಿದ್ದೆ. 1979ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞರಾದ ಕೋಹೆನ್ ಮತ್ತು ಫೆಲ್ಸನ್ ಹೇಳಿದ್ದನ್ನು ಓದಿದ ಮೇಲೆ ಅಂಗಳ ನೋಡುವುದನ್ನು ಕಲಿತೆ. ಕದಿಯುವ ಮನಸ್ಸಿನವನು, ಕೈಗೆ ಸಿಗುವ ಮಾಲು, ಕಾಯುವವರಿಲ್ಲದ ಹೊತ್ತು, ಮೂರೂ ಒಂದೇ ಕಡೆ ಸೇರಿದಾಗ ಕಳವು ಆಗುತ್ತದೆ. ಮನೆಯವರೆಲ್ಲ ಮದುವೆಗೆ ಹೋದ ರಾತ್ರಿ, ರಸ್ತೆ ಪಕ್ಕದ ಅಂಗಳದಲ್ಲಿ ಟಾರ್ಪಾಲ್ ಮುಚ್ಚಿಟ್ಟ ಒಣ ಅಡಿಕೆ. ನೀವೂ ನೋಡಿರುತ್ತೀರಿ, ಅಲ್ವಾ? ಬೀಟ್ ಹೋಗಬೇಕಾದ್ದು ಆ ಹೊತ್ತಿಗೆ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಈ ವಿಷಯದ ವಿಭಾಗವಿದೆ, ವಿಚಾರಿಸಿ. ಇಲಾಖೆಯ ಅನುಮತಿ ಮಾತ್ರ ಮೊದಲೇ ತಗೊಳ್ಳಿ.