ಓದುಗರ ಪ್ರಶ್ನೆ: ಕಲ್ಪಿತ ಲೋಕದ ಕೈಪಿಡಿಯನ್ನು ಎಷ್ಟು ನಂಬಬಹುದು?

ಪ್ರಶ್ನೆ: ‘ಸ್ಟಾರ್ ವಾರ್ಸ್’ ಚಿತ್ರಮಾಲೆಯ ಲೋಕವನ್ನು ವಿವರಿಸುವ ಎರಡು ಸಚಿತ್ರ ಕೈಪಿಡಿಗಳು ನನ್ನಲ್ಲಿವೆ. ಡಾರ್ತ್ ವೇಡರ್‌ನ ‘ಎಕ್ಸಿಕ್ಯೂಟರ್’ ನೌಕೆಯ ಉದ್ದ ಹಳೆಯದರಲ್ಲಿ 8 ಕಿಲೋಮೀಟರ್, ಹೊಸದರಲ್ಲಿ 19 ಕಿಲೋಮೀಟರ್ ಎಂದಿದೆ. ಇಲ್ಲದ ನೌಕೆಗೆ ಸರಿಯಾದ ಅಳತೆ ಎಂಬುದು ಇರಲು ಸಾಧ್ಯವೇ?

ಉತ್ತರ: ಸಾಧ್ಯ. ಆ ನೌಕೆ ಇಲ್ಲದಿದ್ದರೂ ಅದು ಕಾಣಿಸಿಕೊಂಡ ದೃಶ್ಯಗಳು ಇವೆ, ಅವನ್ನು ಯಾರು ಬೇಕಾದರೂ ಅಳೆದು ನೋಡಬಹುದು. 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರದಲ್ಲಿ ಎಕ್ಸಿಕ್ಯೂಟರ್ ತನ್ನ ಸುತ್ತಲಿನ ಸ್ಟಾರ್ ಡೆಸ್ಟ್ರಾಯರ್ ನೌಕೆಗಳೊಡನೆ ಕಾಣಿಸಿಕೊಳ್ಳುತ್ತದೆ. ಆ ಚಿಕ್ಕ ನೌಕೆಗಳ ಉದ್ದ 1,600 ಮೀಟರ್ ಎಂದು ಕೈಪಿಡಿಗಳು ಹೇಳುತ್ತ ಬಂದಿವೆ. 8 ಕಿಲೋಮೀಟರ್ ನಿಜವಾಗಬೇಕಾದರೆ ದೊಡ್ಡ ನೌಕೆ ಚಿಕ್ಕದರ ಐದು ಪಟ್ಟು ಇರಬೇಕು. ಆದರೆ ಎರಡೂ ಬಗೆಯ ನೌಕೆಗಳ ಮೇಲೆ ಒಂದೇ ವಿನ್ಯಾಸದ ನಿಯಂತ್ರಣ ಗೋಪುರವಿದೆ. ಆ ಗೋಪುರವನ್ನೇ ಅಳತೆಗೋಲಾಗಿ ಹಿಡಿದು ದೃಶ್ಯಗಳನ್ನು ಪರಿಶೀಲಿಸಿದ ಆಸಕ್ತರಿಗೆ ಹನ್ನೊಂದು ಪಟ್ಟಿನ ಆಸುಪಾಸಿನ ಲೆಕ್ಕ ಸಿಕ್ಕಿತು, ಅಂದರೆ 17.6 ಕಿಲೋಮೀಟರ್. ಹಳೆಯ ಅಂಕಿಯನ್ನು ಕೈಬಿಟ್ಟು 19 ಕಿಲೋಮೀಟರನ್ನು ಅಧಿಕೃತವಾಗಿ ಮುದ್ರಿಸತೊಡಗಿದ್ದು ಬಹಳ ತಡವಾಗಿ. ಆದ್ದರಿಂದ ನಿಮ್ಮ ಎರಡು ಪುಸ್ತಕಗಳಲ್ಲಿ ಹೊಸದನ್ನೇ ನಂಬಿ. ಹೊಸದೆಂಬ ಕಾರಣಕ್ಕಲ್ಲ, ತೆರೆಯ ಮೇಲಿನ ಸಾಕ್ಷ್ಯ ಅದರ ಪರವಾಗಿದೆ ಎಂಬ ಕಾರಣಕ್ಕೆ.

ಪ್ರಶ್ನೆ: ಸಿನಿಮಾದಲ್ಲಿ ಎಲ್ಲೂ ಕಾಣದ ಕೋಣೆ, ಎಂಜಿನ್, ಕೊಳವೆಗಳನ್ನು ಈ ಪುಸ್ತಕಗಳು ಬಿಡಿಸಿ ತೋರಿಸುತ್ತವೆ. ಇದೆಲ್ಲ ಬರಿಯ ಊಹೆಯಲ್ಲವೇ?

ಉತ್ತರ: ಊಹೆಯೇ, ಆದರೆ ಕಡಿವಾಣವಿರುವ ಊಹೆ. 1998ರಲ್ಲಿ ಡಿಕೆ ಪ್ರಕಾಶನವು ‘ಸ್ಟಾರ್ ವಾರ್ಸ್’ ಲೋಕದ ಬಗ್ಗೆ ಎರಡು ಪುಸ್ತಕಗಳನ್ನು ಹೊರತಂದಿತು. ಒಂದು ಆ ಲೋಕದ ವಸ್ತು, ವೇಷ, ಆಯುಧಗಳ ‘ವಿಷುಯಲ್ ಡಿಕ್ಷನರಿ’. ಇನ್ನೊಂದು ನೌಕೆಗಳನ್ನು ಸೀಳಿ ಒಳಗನ್ನು ತೋರಿಸುವ ‘ಇನ್‌ಕ್ರೆಡಿಬಲ್ ಕ್ರಾಸ್-ಸೆಕ್ಷನ್ಸ್’. ಎರಡನ್ನೂ ಬರೆದ ಡೇವಿಡ್ ವೆಸ್ಟ್ ರೆನಾಲ್ಡ್ಸ್ ಪುರಾತತ್ತ್ವ ಶಾಸ್ತ್ರದಲ್ಲಿ ತರಬೇತಿ ಪಡೆದವರು, ಮತ್ತು ಆ ಶಿಸ್ತು ಮೊದಲ ಪುಸ್ತಕದ ಪುಟಪುಟದಲ್ಲೂ ಕಾಣುತ್ತದೆ: ಚಿತ್ರೀಕರಣಕ್ಕೆ ಬಳಸಿದ ವಸ್ತುವಿನ ಫೋಟೋ, ಅದರ ಒಂದೊಂದು ಭಾಗದಿಂದ ಹೊರಟ ಗೆರೆ, ಗೆರೆಯ ತುದಿಯಲ್ಲಿ ಚುಟುಕಾದ ಹೆಸರು ಮತ್ತು ಉಪಯೋಗ. ಉತ್ಖನನದಲ್ಲಿ ದೊರೆತ ಪಾತ್ರೆಪರಡಿಗಳನ್ನು ದಾಖಲಿಸುವ ಕ್ರಮವೂ ಹೆಚ್ಚುಕಡಿಮೆ ಇದೇ.

ಎರಡನೆಯ ಪುಸ್ತಕದ ಚಿತ್ರಗಳನ್ನು ಬರೆದವರು ಹ್ಯಾನ್ಸ್ ಜೆನ್ಸನ್ ಮತ್ತು ರಿಚರ್ಡ್ ಚೇಸ್‌ಮೋರ್. ಅವರಿಗೆ ಒದಗಿದ್ದ ತೊಡಕು ಎಂಥದೆಂದು ಅರಿಯಲು ‘ಮಿಲೇನಿಯಮ್ ಫಾಲ್ಕನ್’ ಒಂದನ್ನು ನೋಡಿದರೆ ಸಾಕು. ನೌಕೆಯ ಹೊರಮೈಯನ್ನು ಒಂದು ಅಳತೆಯಲ್ಲಿಯೂ, ನಟರು ಓಡಾಡುವ ಒಳಾಂಗಣವನ್ನು ಕ್ಯಾಮೆರಾದ ಅನುಕೂಲಕ್ಕೆ ತಕ್ಕಂತೆ ಬೇರೆಯೇ ಅಳತೆಯಲ್ಲಿಯೂ ನಿರ್ಮಿಸಿದ್ದರಿಂದ, ಆ ಒಳಾಂಗಣ ಆ ಹೊರಮೈಯೊಳಗೆ ಹಿಡಿಸುವುದೇ ಇಲ್ಲ. ಸಿನಿಮಾದಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ, ಏಕೆಂದರೆ ಒಂದೇ ದೃಶ್ಯದಲ್ಲಿ ಒಳಗು ಹೊರಗು ಎರಡನ್ನೂ ತೋರಿಸುವ ಅಗತ್ಯವಿಲ್ಲ. ಸೀಳುನೋಟ ಬರೆಯುವವರಿಗೆ ಆ ರಿಯಾಯಿತಿ ಇಲ್ಲ. ಓಣಿಯನ್ನು ತುಸು ಕಿರಿದಾಗಿಸಿ, ಕೋಣೆಯನ್ನು ತುಸು ಸರಿಸಿ ರಾಜಿ ಮಾಡಿಕೊಳ್ಳಲೇಬೇಕು. ಇಂಥ ಪುಸ್ತಕದಲ್ಲಿ ನನಗೆ ಅತ್ಯಂತ ಇಷ್ಟವಾಗುವುದು ಈ ರಾಜಿಗಳೇ. ಎಂಜಿನ್ನಿನ ಶಕ್ತಿಯ ಬಗೆಗಿನ ಭಾರೀ ಅಂಕಿಗಳನ್ನು ಮಾತ್ರ ಧಾರಾಳವಾಗಿ ದಾಟಿಕೊಂಡು ಮುಂದೆ ಹೋಗಬಹುದು.

ಪ್ರಶ್ನೆ: ‘ಅವತಾರ್’ನಂಥ ಚಿತ್ರದಲ್ಲಿ ಎಲ್ಲವೂ ಕಣ್ಣೆದುರಿಗೇ ಇದೆ. ಅದಕ್ಕೂ ಕೈಪಿಡಿ ಬೇಕೇ?

ಉತ್ತರ: ಕಣ್ಣೆದುರಿಗಿದೆ, ಆದರೆ ನಿಲ್ಲುವುದಿಲ್ಲ. ಆ ಚಿತ್ರದ ಕಥೆ ನಡೆಯುವ ಪಂಡೋರಾ ಎಂಬ ಕಲ್ಪಿತ ಲೋಕದ ಹೆಚ್ಚಿನ ಪ್ರಾಣಿಗಳಿಗೆ ಆರು ಅವಯವಗಳು; ಅಲ್ಲಿನ ನಾವಿ ಜನರಿಗೆ ಮಾತ್ರ ನಮ್ಮಂತೆ ನಾಲ್ಕು. ಈ ಅಸಂಗತಿಗೆ ಸಮಾಧಾನದ ಸುಳಿವು ಕೆಲವೇ ಕ್ಷಣ ಕಾಣಿಸುವ ಒಂದು ಪ್ರಾಣಿಯಲ್ಲಿದೆ. ಮರದ ಮೇಲಿನ, ಕೋತಿಯನ್ನು ಹೋಲುವ ಪ್ರೊಲೆಮುರಿಸ್‌ನ ಮುಂಗೈಗಳು ನಾಲ್ಕು, ಆದರೆ ಅವುಗಳ ತೋಳುಗಳು ಎರಡೆರಡಾಗಿ ಬೆಸೆದುಕೊಂಡಿವೆ. ಆರು ಅವಯವ ನಾಲ್ಕಾಗುವ ದಾರಿಯ ನಡುಘಟ್ಟ ಅದು. ಚಿತ್ರಮಂದಿರದಲ್ಲಿ ಇದನ್ನು ಗುರುತಿಸುವವರು ವಿರಳ, ನಿಶ್ಚಲ ಚಿತ್ರವಿರುವ ಪುಟದಲ್ಲಿ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ನಾವಿಗಳ ಕೈಗೆ ನಾಲ್ಕೇ ಬೆರಳು ಎಂಬುದಕ್ಕೂ, ಭಾಷಾವಿಜ್ಞಾನಿ ಪಾಲ್ ಫ್ರೋಮರ್ ನಾವಿಗಳಿಗಾಗಿ ಕಟ್ಟಿದ ನುಡಿಯಲ್ಲಿ ಎಣಿಕೆ ಹತ್ತರ ಬದಲು ಎಂಟರ ಮೇಲೆ ನಿಂತಿರುವುದಕ್ಕೂ ಸಂಬಂಧವಿದೆ.

2009ರಲ್ಲಿ ಆ ಚಿತ್ರದ ಜೊತೆಗೇ ಬಂದ ಕೈಪಿಡಿಗೆ ಇನ್ನೊಂದು ವಿಶೇಷವಿದೆ. ಕಥೆಯಲ್ಲಿ ಪಂಡೋರಾವನ್ನು ಅಗೆಯುವ ಗಣಿ ಕಂಪನಿಯನ್ನು ವಿರೋಧಿಸುವ ಹೋರಾಟಗಾರರು ಸಿದ್ಧಪಡಿಸಿದ ಗುಪ್ತ ವರದಿಯ ರೂಪದಲ್ಲಿ ಅದನ್ನು ಬರೆಯಲಾಗಿದೆ. ಹೇಳುವವರೇ ಕಥೆಯೊಳಗಿನ ಒಂದು ಪಕ್ಷದವರಾದ್ದರಿಂದ, ಕಂಪನಿಯ ಬಗ್ಗೆ ಅದು ಹೇಳುವುದನ್ನು ಲೋಕದ ಸತ್ಯವೆಂದಲ್ಲ, ಒಂದು ಪಾತ್ರದ ಮಾತೆಂದು ಓದಬೇಕು.

ಪ್ರಶ್ನೆ: ಹೊಸ ಚಿತ್ರ ಬಂದಾಗ ಹಳೆಯ ಕೈಪಿಡಿ ವ್ಯರ್ಥವಾಗುತ್ತದೆಯೇ?

ಉತ್ತರ: ಕೆಲವೊಮ್ಮೆ ಆಗುತ್ತದೆ. 2014ರಲ್ಲಿ ಲ್ಯೂಕಾಸ್‌ಫಿಲ್ಮ್ ಸಂಸ್ಥೆಯು ಅದುವರೆಗಿನ ‘ಸ್ಟಾರ್ ವಾರ್ಸ್’ ಕಾದಂಬರಿ, ಕಾಮಿಕ್ಸ್‌ಗಳನ್ನು ‘ಲೆಜೆಂಡ್ಸ್’ ಎಂಬ ಪ್ರತ್ಯೇಕ ವಿಭಾಗಕ್ಕೆ ಸರಿಸಿದಾಗ, ಅವುಗಳ ವಿವರಗಳನ್ನೇ ನೆಚ್ಚಿಕೊಂಡಿದ್ದ ಕೈಪಿಡಿಗಳೂ ಅಧಿಕೃತ ಸ್ಥಾನ ಕಳೆದುಕೊಂಡವು. ಹಳೆಯ ಪ್ರತಿಯನ್ನು ಕೊಳ್ಳುವಾಗ ಪ್ರಕಟಣೆಯ ವರ್ಷವನ್ನು ನೋಡಿಕೊಳ್ಳಿ. ಪಾತ್ರಗಳ ವಂಶಾವಳಿ ಮತ್ತು ಇಸವಿಗಳಿಗಾಗಿ 2014ರ ನಂತರದ್ದನ್ನು ಆರಿಸಿ. ವೇಷಭೂಷಣ ಮತ್ತು ನೌಕೆಗಳ ಚಿತ್ರಗಳಿಗಾಗಿಯಾದರೆ 1998ರ ಪ್ರತಿ ಸಿಕ್ಕರೂ ಬಿಡಬೇಡಿ.